ಸ ಅಕ್ಷರದ ಎಡಕ್ಕೆ

ಕೆಂಬಯಲು ವಿಮಾನತಾಣ,
ಹೊಸಶಕ ೪೧೨, ಹದಿನಾಲ್ಕನೇ ತಿಂಗಳ ಮೂರನೇ ದಿನ

ಇಸವಿ ಎರಡು ಸಾವಿರದ ಇಪ್ಪತ್ತರ ಆಸುಪಾಸಿನಲ್ಲಿರುವ ಹಿರಿಯರಿಗೆ,

ನನ್ನ ಮಾತು ವಿಚಿತ್ರವಾಗಿ ಕಂಡರೆ ಮನ್ನಿಸಿ. ನಾನು ಓದಿದ್ದು ನಾಲ್ಕನೇ ತರಗತಿಯವರೆಗೆ. ಎದುರು ನಿಂತು ಇದನ್ನು ಹೇಳುವ ಧೈರ್ಯ ನನಗಿಲ್ಲ. ಸಿಟ್ಟು ತಡೆಯಲಾರದೆ ಬರೆಯುತ್ತಿದ್ದೇನೆ.

ನಾನು ಇಲ್ಲಿ ಅಕ್ಷರಗಾತಿ, ಎಂದರೆ ಸೇನೆಯ ವಿಮಾನಗಳ ಹೊಟ್ಟೆಯ ಮೇಲೆ ಅಕ್ಷರ ಬರೆಯುವವಳು. ಈ ಪದ್ಧತಿ ನಿಮ್ಮ ಕಾಲದಿಂದಲೇ ಬಂದದ್ದು. ನೀವು ಕೆಲಸ ನೋಡಿ ಅಕ್ಷರ ಕೊಟ್ಟಿರಿ: ಸಾಮಾನು ಹೊರುವುದಕ್ಕೊಂದು, ಕಾದಾಡುವುದಕ್ಕೊಂದು, ಬಾಂಬು ಹಾಕುವುದಕ್ಕೆ ಮತ್ತೊಂದು. ನಾವು ಅದನ್ನು ಕನ್ನಡಕ್ಕೆ ತಂದುಕೊಂಡೆವು, ಅಷ್ಟೇ. ಸರಕಿಗೆ ಸ, ದಾಳಿಗೆ ದ. ವಿಮಾನದ ಕೆಲಸ ಬದಲಾದರೆ ಹಳೆಯ ಅಕ್ಷರ ಹಾಗೇ ಇರಲಿ, ಅದರ ಎಡಕ್ಕೆ ಹೊಸದನ್ನು ಸೇರಿಸಿ ಎಂದವರೂ ನೀವೇ.

ಬತ್ತಿದ ಹೊಳೆಯ ಆಚೆ ಹುಳಿಹಾಳದಲ್ಲಿ ನನ್ನ ಚಿಗವ್ವ, ಅವ್ವನ ತಂಗಿ ಗುರುಸಂಗವ್ವ ಇದ್ದಾಳೆ. ಆ ಊರಿಗೆ ರಸ್ತೆಯಿಲ್ಲ. ದ ಕಂಡರೆ ಕಲ್ಲುಗವಿ ಸೇರಬೇಕೆಂದು ಅಲ್ಲಿಯ ಕೂಸುಗಳಿಗೂ ಗೊತ್ತು. ಸ ಕಂಡರೆ ಒಲೆಯ ಮೇಲಿನ ಅಂಬಲಿಯನ್ನೂ ಬಿಟ್ಟು ಚೀಲ ಹಿಡಿದು ಬಯಲಿಗೆ ಓಡುತ್ತಾರೆ. ಜೋಳದ ಮೂಟೆ ಬೀಳುವುದು ಅಲ್ಲೇ. ಹೋದ ತಿಂಗಳು ಹುಳಿಹಾಳದವರು ದಂಗೆ ಎದ್ದರಂತೆ. ಜೋಳ ಹಾಕುತ್ತಿದ್ದ ಅದೇ ವಿಮಾನಕ್ಕೆ ಸೇನೆಯವರು ಫಿರಂಗಿ ಕೂರಿಸಿದರು. ಇವತ್ತು ಮೇಲ್ವಿಚಾರಕ ಶರಭಣ್ಣ ನನ್ನ ಕೈಗೆ ಬಣ್ಣದ ಡಬ್ಬಿ ಕೊಟ್ಟ. ಸ ಅಕ್ಷರದ ಎಡಕ್ಕೆ ಗೇಣಗಲ ಜಾಗವಿತ್ತು.

“ಇಷ್ಟ ಸಣ್ಣ ದ ಕೆಳಗಿನವರಿಗೆ ಕಾಣಂಗಿಲ್ಲಣ್ಣ. ಸ ಅಳಿಸಿಬಿಡ್ಲೇನು?” ಎಂದೆ.

“ಅಳಿಸೂ ನಿಯಮ ಇಲ್ಲವ್ವ. ನಾಕನೇ ಇಯತ್ತೆ ಕಲ್ತಾಕಿ, ನೀ ಸೇನೆಗೆ ಪಾಠ ಹೇಳ್ತೀಯೇನು?”

“ಜೋಳ ಬಂತು ಅಂತ ಅವ್ರು ಓಡಿ ಬರ್ತಾರ.”

“ಬರಲಿ ಬಿಡು. ನಮಗ ಹುಡುಕೂದು ತಪ್ಪತೈತಿ,” ಎಂದು ನಕ್ಕು ಊಟಕ್ಕೆ ಹೋದ.

ನಾನು ಬಣ್ಣ ಕರಗಿಸುವ ಥಿನ್ನರ್ ಸುರಿದು ಸ ಉಜ್ಜಿ ತೆಗೆದೆ. ಡಬ್ಬಿ ಬರಿದಾಗುವವರೆಗೂ ದ ಬರೆದೆ, ಈ ರೆಕ್ಕೆಯಿಂದ ಆ ರೆಕ್ಕೆಯವರೆಗೆ, ಕೆಂಪಗೆ. ಶರಭಣ್ಣ ಬಂದು ನೋಡಿ ಕಾವಲಿನವರನ್ನು ಕರೆಯಲು ಹೋಗಿದ್ದಾನೆ. ಹಾರುವ ಆಜ್ಞೆ ಇವತ್ತಿನದೇ. ಅಳಿಸಿ ಬರೆಯಲು ಬೇರೆ ಅಕ್ಷರಗಾತಿ ಇಲ್ಲಿಲ್ಲ.

ಹಿರಿಯರೇ, ಹಾರಿಸುವವನಿಗೆ, ಎಣ್ಣೆ ತುಂಬುವವನಿಗೆ ತಿಳಿದರೆ ಸಾಕೆಂದುಕೊಂಡಿರಾ? ಕೆಳಗೆ ನಿಂತವರೂ ಓದುತ್ತಾರೆಂದು ನಿಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ನಿಮ್ಮ ನಿಯಮಕ್ಕೆ ಈಗಲೇ ಒಂದು ಸಾಲು ಸೇರಿಸಿ: ಕೆಲಸ ಬದಲಾದ ದಿನ ಹಳೆಯ ಅಕ್ಷರ ಅಳಿಸತಕ್ಕದ್ದು.

ಎಂಜಿನ್ ಶುರುವಾಗಿದೆ. ಚಿಗವ್ವನ ಊರಿನ ಮೇಲೆ ಹೋಗುವ ವಿಮಾನ ಬೇಗ ಹಾರಲಿ ಎಂದು ನಾನೇ ಬೇಡಿಕೊಳ್ಳುವ ಸ್ಥಿತಿ ತಂದಿಟ್ಟಿದ್ದೀರಿ. ಬಿಸಿಲು ಇಳಿಯುತ್ತಿದೆ. ಕತ್ತಲಾದರೆ ಅಲ್ಲಿ ಯಾರಿಗೂ ಯಾವ ಅಕ್ಷರವೂ ಕಾಣುವುದಿಲ್ಲ.

ಫಕೀರವ್ವ