ಹಾರೆ ಹಿಡಿದವರ ಬೋಗಿಯಲ್ಲಿ

ಫೆಬ್ರವರಿ ಮೂವತ್ತು, ೨೨೦೪
ನಾಲ್ಕನೇ ನೆಲದೋಣಿ, ರಾಯಚೂರು

ನನ್ನ ಮಗಳ ಇನ್ನೂ ಹುಟ್ಟದ ಮೊಮ್ಮಕ್ಕಳೇ,

ತಾರೀಖು ನೋಡಿ ಬೆಚ್ಚಬೇಡಿ. ಬೇಸಿಗೆ ಉದ್ದವಾಯಿತೆಂದು ಜನ ಬೀದಿಗಿಳಿದಾಗ ಹಿಂದಿನ ಸರ್ಕಾರ ಮೇ ತಿಂಗಳಿನಿಂದ ಒಂದೆರಡು ದಿನ ಕಿತ್ತು ಫೆಬ್ರವರಿಗೆ ಹಚ್ಚಿತು. ಬೇಸಿಗೆ ಅಷ್ಟರಮಟ್ಟಿಗೆ ತಗ್ಗಿತೆಂದು ಪತ್ರಿಕೆಗಳು ಹೊಗಳಿದವು. ಬಿಸಿಲು ಪತ್ರಿಕೆ ಓದುವುದಿಲ್ಲವಾದ್ದರಿಂದ ಅದಕ್ಕೆ ಈ ವಿಷಯ ಗೊತ್ತಾಗಲಿಲ್ಲ.

ಮಾತುಗಳು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಬಿಸಿಲಲ್ಲಿ ಬೆಂದವನ ಭಾಷೆ, ಮಂಜಲ್ಲಿ ಹುಟ್ಟಿದವರಿಗೆ ತಮಾಷೆ. ನೀವು ಮಂಜಲ್ಲೇ ಹುಟ್ಟುತ್ತೀರೆಂದು ಇಟ್ಟುಕೊಂಡು ಬರೆಯುತ್ತಿದ್ದೇನೆ. ಇಲ್ಲೇ ಹುಟ್ಟಿದರೆ ವಿವರಿಸುವ ಅಗತ್ಯವಿಲ್ಲ, ಬಾಗಿಲು ತೆರೆದು ನೋಡಿದರೆ ಸಾಕು. ನಾಳೆ ಸಂಜೆ ಹಿಮಾಲಯದ ಲಾಹೌಲಿಗೆ ಹೋಗುವ ಸುರಂಗದ ರೈಲು ಬರುತ್ತದೆ. ನನಗೂ ನನ್ನ ಮಗಳು ಕಸ್ತೂರಿಗೂ ಹಿಮಚೀಟಿ ಸಿಕ್ಕಿದೆ. ಹಿಮಚೀಟಿ ಎಂದರೆ ದೇಶದ ಈ ತುದಿ ಬಿಟ್ಟು ಆ ತುದಿಯ ಮಂಜಿನಲ್ಲಿ ಮನೆ ಮಾಡಿಕೊಳ್ಳಲು ಸರ್ಕಾರ ಕೊಡುವ ಅಪ್ಪಣೆ. ಒಮ್ಮೆ ಬೇಡವೆಂದರೆ ಆ ಹೆಸರು ಮತ್ತೆ ಬರುವುದಿಲ್ಲ. ಹತ್ತಬೇಕೋ ಬಿಡಬೇಕೋ ನನಗೆ ಇನ್ನೂ ತಿಳಿಯದು. ಬರೆದರೆ ತಿಳಿದೀತೆಂದು ಕೂತಿದ್ದೇನೆ.

ಮೊದಲು ನಾವಿರುವ ಜಾಗ. ಓಣಿ ಎಂದರೆ ನಿಮ್ಮ ಕಣ್ಣಿಗೆ ಬೀದಿ ಬರಬಹುದು. ನಮ್ಮದು ನೆಲದೋಣಿ, ಬಂಡೆಯ ಕೆಳಗೆ ಕೊರೆದದ್ದು. ಎರಡೂ ಕಡೆ ಸಾಲು ಮನೆ, ಮೇಲೆ ಗಾಳಿ ಎಳೆಯುವ ಚಕ್ರ, ಇಡೀ ಓಣಿಗೆ ಒಂದೇ ಕಬ್ಬಿಣದ ಬಾಗಿಲು. ಸೂರ್ಯ ಹುಟ್ಟಿ ಸ್ವಲ್ಪ ಹೊತ್ತಿಗೆ ಉರಿಗಂಟೆ ಬಡಿಯುತ್ತದೆ. ಆಮೇಲೆ ಹೊರಗಿದ್ದವನು ಹಪ್ಪಳ. ಹಗಲೆಲ್ಲ ಮಲಗುತ್ತೇವೆ, ಸಂಜೆ ಎದ್ದು ಹಲ್ಲುಜ್ಜುತ್ತೇವೆ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದಿದವನೆಂದು ಸರ್ಕಾರ ನನಗೆ ಗಂಟೆ ಬಾರಿಸುವ ಕೆಲಸ ಕೊಟ್ಟಿತು. ಬರೀ ಗಂಟೆ ಬಾರಿಸಲು ಬೇಸರವಾಗಿ ಜೊತೆಗೊಂದು ಪದ ಕೂಗುತ್ತೇನೆ: ‘ಗಂಟೆ ಬಡಿಯಿತು, ಗಂಟು ಕಟ್ಟಿ, ಒಳಗೆ ಬನ್ನಿ, ಬಾಗಿಲು ಗಟ್ಟಿ.’ ಮಕ್ಕಳಿಗೆ ಇಷ್ಟ. ದೊಡ್ಡವರು ಬೈಯುತ್ತಾರೆ, ಬೈಯುತ್ತಲೇ ಒಳಗೆ ಬರುತ್ತಾರೆ.

ಆ ಬಾಗಿಲು ಗಟ್ಟಿ ಎಂಬುದು ಹೋದ ಏಪ್ರಿಲ್‌ನಲ್ಲಿ ಸಾಬೀತಾಯಿತು. ಮೂರನೇ ಓಣಿಯ ಗಾಳಿಚಕ್ರ ನಿಂತುಹೋಗಿ, ಗಂಟೆಯಾದ ಮೇಲೆ ಅಲ್ಲಿಯ ಜನ ಬಿಸಿಲಲ್ಲಿ ಓಡಿ ನಮ್ಮ ಬಾಗಿಲಿಗೆ ಬಂದರು. ನಮ್ಮ ಚಕ್ರ ನಮ್ಮಷ್ಟು ಜನರ ಉಸಿರಿಗೇ ಏದುಸಿರು ಬಿಡುತ್ತಿತ್ತು. ಆ ತಿಂಗಳು ಬಾಗಿಲು ಕಾಯುವ ಪಾಳಿ ಅಯ್ಯಾಳಪ್ಪ ಎಂಬವನದು. ಅವನು ತೆರೆಯಲಿಲ್ಲ. ಹೊರಗಿನವರು ಕಲ್ಲು ಕಂಬ ಹೊತ್ತು ಗುದ್ದಿದರು, ಬಾಗಿಲು ಒಂದು ಕಡೆ ಸೊಟ್ಟಗಾಯಿತು. ಆ ಸಂದಿಯಲ್ಲಿ ನಮ್ಮ ಓಣಿಯ ಹುಡುಗರು ಹಾರೆ ತೂರಿಸಿ ತಿವಿದರು. ಕಂಡದ್ದು ಕಣ್ಣೋ ಹೊಟ್ಟೆಯೋ ನೋಡಲಿಲ್ಲ, ಕೂಗು ನಿಲ್ಲುವವರೆಗೆ ತಿವಿದರು. ಸಂಜೆ ಬಾಗಿಲು ತೆಗೆದಾಗ ಕಾದ ಕಬ್ಬಿಣಕ್ಕೆ ಅಂಗೈಗಳು ಅಂಟಿಕೊಂಡಿದ್ದವು. ಎಳೆದರೆ ಕೈ ಬಂತು, ತೊಗಲು ಬರಲಿಲ್ಲ. ತೊಳೆಯಲು ನೀರಿಲ್ಲದೆ ಮರಳು ಹಾಕಿ ತಿಕ್ಕಿದೆವು. ಮುಂದಿನ ಏಪ್ರಿಲ್ ಬರುತ್ತಿದೆ. ಈ ಸಲ ನಿಲ್ಲುವ ಚಕ್ರ ನಮ್ಮದೂ ಆಗಬಹುದು.

ಇಷ್ಟು ಕೇಳಿದ ಮೇಲೆ, ಹತ್ತಪ್ಪಾ ರೈಲು, ಯೋಚನೆ ಯಾಕೆ ಎನ್ನುತ್ತೀರಿ. ಇನ್ನು ಲಾಹೌಲಿನ ಸುದ್ದಿ ಕೇಳಿ.

ನನ್ನ ಅಕ್ಕ ದುರುಗಮ್ಮ, ಭಾವ ಹುಸೇನಪ್ಪ ಮತ್ತು ನಮ್ಮ ಓಣಿಯ ಕೆಲವು ಮನೆಯವರು ಕಳೆದ ಮಳೆಗಾಲದಲ್ಲೇ ಅಲ್ಲಿಗೆ ಹೋದರು. ಊರಿನವರು ಅಷ್ಟೇನೂ ನಕ್ಕು ಕರೆಯಲಿಲ್ಲ, ಅಟ್ಟಲೂ ಇಲ್ಲ. ಅಂಗ್ರೂಪ್ ಎಂಬ ಮುದುಕನೊಬ್ಬ ಮಾತ್ರ ದಿನಾ ಬೆಳಿಗ್ಗೆ ಬೆನ್ನ ಬುಟ್ಟಿಯಲ್ಲಿ ಸೌದೆ, ಒಣಗಿದ ಸಗಣಿ ಹೊತ್ತು ತಂದು ನಮ್ಮವರ ಮನೆಮನೆಗೆ ಹಾಕುತ್ತಿದ್ದ. ಅವನಿಗೆ ಎಲ್ಲರೂ ಮೇಮೆ ಎನ್ನುತ್ತಿದ್ದರು, ಅಂದರೆ ಅಲ್ಲಿಯ ಮಾತಿನಲ್ಲಿ ಅಜ್ಜ. ಅಕ್ಕ ಕಿವಿಗುಂಡಿಯಲ್ಲಿ ದಿನಾ ಅವನ ಸುದ್ದಿ ಹೇಳುತ್ತಿದ್ದಳು. ಕಿವಿಗುಂಡಿ ಎಂದರೆ ಕಿವಿಯ ಹಿಂದೆ ಹೊಲಿಸಿಕೊಳ್ಳುವ ಫೋನು. ಕಿತ್ತೆಸೆಯಲು ಬರುವುದಿಲ್ಲ, ಅದೊಂದೇ ಅದರ ದೋಷ.

ಅಲ್ಲಿ ಮನೆಮುಂದೆ ನಲ್ಲಿ. ತಿರುವಿದರೆ ನೀರು. ಇದು ನಿಮಗೆ ಏನೂ ಅನಿಸದಿರಬಹುದು. ನಮ್ಮ ಓಣಿಯಲ್ಲಿ ಮೂರು ತಲೆಮಾರಿನಿಂದ ಯಾರೂ ಅಂಗಳಕ್ಕೆ ನೀರು ಹಾಕಿಲ್ಲ. ಬೆಳಗಾದರೆ ಬಾಗಿಲ ಮುಂದೆ ನೀರು ಚಿಮುಕಿಸಿ ರಂಗೋಲಿ ಎಳೆಯಬೇಕೆಂದು ಅಜ್ಜಿಯರು ಹೇಳುತ್ತಿದ್ದರು. ನಮ್ಮ ಹೆಂಗಸರು ಒಣ ನೆಲದ ಮೇಲೆ ಇಟ್ಟಂಗಿ ಪುಡಿಯಲ್ಲಿ ನಾಲ್ಕು ಗೆರೆ ಎಳೆದು, ಕೈ ಮುಗಿದು, ನೀರಿನ ಭಾಗವನ್ನು ಮನಸ್ಸಿನಲ್ಲೇ ಮುಗಿಸುತ್ತಿದ್ದರು. ಅಂಥವರಿಗೆ ನಲ್ಲಿ ಸಿಕ್ಕಿತು. ಚಳಿ ಶುರುವಾದ ಮೇಲೆ ಬಂದ ಮೊದಲ ಹಬ್ಬದ ದಿನ ಅಕ್ಕ ಮೊದಲಾಗಿ ಸಾಲಿನ ಹೆಂಗಸರೆಲ್ಲ ನಸುಕಿಗೇ ಎದ್ದು ಕೊಡ ಕೊಡ ನೀರು ಸುರಿದು ಅಂಗಳ ಸಾರಿಸಿದರು. ರಂಗೋಲಿ ಮುಗಿಯುವಷ್ಟರಲ್ಲಿ ನೀರು ಹೆಪ್ಪುಗಟ್ಟಿ ಅಂಗಳ ಗಾಜಾಗಿತ್ತು. ಅದರ ಮೇಲೆ ಬುಟ್ಟಿ ಹೊತ್ತ ಅಂಗ್ರೂಪ್ ಮೇಮೆ ಕಾಲಿಟ್ಟ. ಜಾರಿದ, ಕಲ್ಲಿನ ಮೆಟ್ಟಿಲಿಗೆ ಹಿಂದಲೆ ಬಡಿಯಿತು. ಅಕ್ಕನ ಮಡಿಲಲ್ಲಿ ಸತ್ತ.

ಇಷ್ಟಾಗಿದ್ದರೆ ಆ ಊರು ತಡೆದುಕೊಳ್ಳುತ್ತಿತ್ತೇನೋ. ಆದರೆ ನಮ್ಮವರಿಗೆ ಇನ್ನೊಂದು ರೂಢಿ ನೆನಪಾಯಿತು: ಸಾವಾದ ಜಾಗವನ್ನು ನೀರು ಹಾಕಿ ತೊಳೆಯಬೇಕು. ಮುದುಕನ ಮೇಲಿನ ಗೌರವಕ್ಕೆ, ಅಳುತ್ತ ಅಳುತ್ತ, ಮೇಲಿನ ಮೆಟ್ಟಿಲಿನಿಂದ ಕೆಳಗಿನ ದಾರಿಯವರೆಗೆ ತೊಳೆದರು. ಮರುದಿನ ಹೆಣ ಹೊತ್ತವರು ಅದೇ ದಾರಿಯಲ್ಲಿ ಇಳಿದರು. ನಾಲ್ವರೂ ಒಟ್ಟಿಗೆ ಜಾರಿದರು. ಚಟ್ಟ ಮಗುಚಿ ಹೆಣ ಉರುಳುತ್ತ ಹೋಗಿ ನಮ್ಮವರ ಬಾಗಿಲಿಗೆ ಬಡಿದು ನಿಂತಿತು.

ಬೇಕೆಂದೇ ಮಾಡಿದ್ದಲ್ಲವೆಂದು ಯಾರು ನಂಬುತ್ತಾರೆ? ಅವರ ಜಾಗದಲ್ಲಿ ನಾನಿದ್ದರೆ ನಂಬುತ್ತಿರಲಿಲ್ಲ. ಮಂಜು ಒಡೆಯುವ ಗುದ್ದಲಿ ಹಿಡಿದು ಊರೇ ಬಂತು. ಮೊದಲು ಕಿಟಕಿಗಳು. ಕಿಟಕಿ ಒಡೆದ ಮನೆಯಲ್ಲಿ ಮಲಗಿದವರನ್ನು ಬೆಳಿಗ್ಗೆ ಎಬ್ಬಿಸುವ ಕೆಲಸವಿರುವುದಿಲ್ಲವಂತೆ. ಭಾವ ಕೈ ಮುಗಿದು ಅಡ್ಡ ಬಂದ. ಮೊದಲ ಏಟಿಗೆ ಮುಗಿದ ಕೈ ಬಿಚ್ಚಿತು, ಎರಡನೆಯದಕ್ಕೆ ತಲೆ. ನಮ್ಮವನೊಬ್ಬ ಈಳಿಗೆ ತಂದು ಅವರ ಹುಡುಗನೊಬ್ಬನ ತೊಡೆ ಸೀಳಿದ. ಆ ರಕ್ತವೂ ಹೆಪ್ಪುಗಟ್ಟಿ ಯಾರೋ ಅದರ ಮೇಲೂ ಜಾರಿ ಬಿದ್ದರಂತೆ. ಅಕ್ಕ ಇದನ್ನು ಹೇಳುವಾಗ ನಕ್ಕಳು. ಆ ನಗು ಇನ್ನೂ ನನ್ನ ಕಿವಿಯ ಹಿಂದೆ ಹೊಲಿದುಕೊಂಡಿದೆ.

ಈಗ ಅಕ್ಕ ಇರುವುದು ಸತ್ತ ಅಂಗ್ರೂಪನ ಮಗಳು ಡೋಲ್ಕರ್‌ಳ ಮನೆಯಲ್ಲಿ. ಗಲಾಟೆಯ ಸಂಜೆ ಅವಳೇ ಬಂದು ಅಕ್ಕನ ರಟ್ಟೆ ಹಿಡಿದು ಕರೆದೊಯ್ದಳು. ಒಲೆಯ ಪಕ್ಕ ಹಾಸಿಗೆ ಕೊಟ್ಟಿದ್ದಾಳೆ, ಎರಡು ಹೊತ್ತು ಬಾರ್ಲಿ ಗಂಜಿ ಕೊಡುತ್ತಾಳೆ. ಇವತ್ತಿನವರೆಗೆ ಮುಖ ಎತ್ತಿ ನೋಡಿಲ್ಲ.

“ತಮ್ಮಾ, ನೀರು ಹಾಕಿದ್ದೂ ನಾನ, ತೊಳದದ್ದೂ ನಾನ,” ಎಂದಳು ಅಕ್ಕ. “ಆಕಿಗೆ ಹೆಂಗ ಹೇಳ್ಲಿ? ಆಕಿ ಮಾತು ನನಗ ಬರಂಗಿಲ್ಲ, ನನ್ನ ಮಾತು ಆಕಿಗೆ ಬ್ಯಾಡ. ನೀವು ಬಂದ್ರ ಬರ್ರಿ, ಕಸ್ತೂರಿಗೆ ನಾಕು ಅಕ್ಷರ ಹಿಂದಿ ಬರ್ತೈತಿ. ಆದ್ರ ಅಯ್ಯಾಳಪ್ಪನ ಕೂಡ ಬರಬ್ಯಾಡ್ರಿ.”

ಅಂದು ಬಾಗಿಲು ತೆರೆಯದ ಅಯ್ಯಾಳಪ್ಪ ಭಾವ ಹುಸೇನಪ್ಪನ ಖಾಸಾ ತಮ್ಮ. ಅವನಿಗೂ ಅವನ ಗೆಳೆಯರಿಗೂ ಇದೇ ರೈಲಿಗೆ ಚೀಟಿ ಬಂದಿದೆ. ಇವತ್ತು ಸಂಜೆ ಅವನು ಓಣಿಯ ನಡುವೆ ಹಾರೆಗಳನ್ನು ರಾಶಿ ಹಾಕಿಸಿದ. ಹೋಗುವವರೆಲ್ಲ ಒಂದೊಂದು ಎತ್ತಿಕೊಳ್ಳಬೇಕು, ಎತ್ತಿಕೊಳ್ಳದವರು ಹೋಗಬಾರದು ಎಂದ. ನಾನು ಎತ್ತಿಕೊಳ್ಳಲಿಲ್ಲ.

“ಏ ಕವಿ, ನಿಮ್ಮ ಭಾವನ ತಲಿ ತೆಂಗಿನಕಾಯಿ ಒಡದಂಗ ಒಡದಾರ. ನೀ ಇಲ್ಲಿ ಪದ ಕಟ್ಟಿಕೋತ ಕುಂದ್ರತೀಯೇನು?” ಎಂದ ಅಯ್ಯಾಳಪ್ಪ.

“ಹಾರಿ ಒಯ್ದ್ರ ಭಾವ ಎದ್ದು ಬರ್ತಾನೇನಪಾ?”

“ಬರಂಗಿಲ್ಲ. ಅವ್ರೂ ಏಳಬಾರದು.”

ಕಸ್ತೂರಿ ಗುಂಪು ಸರಿಸಿ ಮುಂದೆ ಬಂದಳು. “ಅಯ್ಯಾಳಪ್ಪ ಮಾಮಾ, ಆ ಥಂಡ್ಯಾಗ ಬರಿಗೈಲೆ ಕಬ್ಬಿಣ ಹಿಡದ್ರ ತೊಗಲು ಅಂಟತೈತಂತ. ನೀವು ಹೊಡೆಯೂದು ಒತ್ತಟ್ಟಿಗಿರಲಿ, ಹಾರಿ ಕೆಳಗ ಇಡಾಕೂ ಬರಂಗಿಲ್ಲ. ಕೈಗವಸು ಹೊಲಿಸ್ಕೊಂಡು ಹೋಗ್ರಿ.”

ಜನ ನಕ್ಕರು. ಅಯ್ಯಾಳಪ್ಪನೂ ಒಂದು ಕ್ಷಣ ನಕ್ಕ. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿಲ್ಲದ ನಾನು, ರೈಲಿನ ಪೊಲೀಸರಿಗೆ ಹೇಳುತ್ತೇನೆ ಎಂದುಬಿಟ್ಟೆ. ನಗು ನಿಂತಿತು. ಇಬ್ಬರು ನನ್ನನ್ನು ನೆಲಕ್ಕೆ ಕೆಡವಿದರು, ಒಬ್ಬ ಬೆನ್ನ ಮೇಲೆ ಕೂತ. ಅಯ್ಯಾಳಪ್ಪ ನನ್ನ ಬಲಗೈಯನ್ನು ಕಬ್ಬಿಣದ ಹೊಸ್ತಿಲ ಮೇಲೆ ಚಾಚಿಸಿ, “ಇದ ಅಲ್ಲೇನು, ಪದ ಬರಿಯೂ ಕೈ?” ಎಂದು ಕೇಳಿ, ಹಾರೆಯ ಮೊಂಡು ತುದಿಯಿಂದ ಜಜ್ಜಿದ. ಒಂದೇ ಏಟಿಗೆ ಮುರಿಯಿತು. ಇನ್ನೊಂದನ್ನು ಕೆಲಸ ಅಚ್ಚುಕಟ್ಟಾಗಲೆಂದು ಹಾಕಿದ. ಆಮೇಲೆ ನನ್ನ ಪಕ್ಕ ಕೂತು ಅಣ್ಣನ ಹೆಸರು ಹಿಡಿದು ಎದೆ ಬಡಿದುಕೊಂಡು ಅತ್ತ. ಅವನ ಬಾಯಿಂದ ನನ್ನ ಮುಖದ ಮೇಲೆ ಜೊಲ್ಲು ಬೀಳುತ್ತಿತ್ತು, ಒರೆಸಿಕೊಳ್ಳಲು ನನಗೆ ಕೈಯಿರಲಿಲ್ಲ.

ಹೀಗಾಗಿ ಹಾರೆಯ ರಾಶಿಯ ಸುದ್ದಿಯಿಂದ ಈಚೆಗೆ ನಾನು ಹೇಳುತ್ತಿದ್ದೇನೆ, ಕಸ್ತೂರಿ ಬರೆಯುತ್ತಿದ್ದಾಳೆ; ಅದಕ್ಕೆ ಮುಂಚಿನದು ಕೈ ಇದ್ದಾಗ ನಾನೇ ಬರೆದದ್ದು. ಪ್ರಾಸ ಬಂದಲ್ಲೆಲ್ಲ ಕತ್ತರಿಸುತ್ತಿದ್ದಾಳೆ ಎಂದು ಗುಮಾನಿ. ಎಣಿಸಿ ನೋಡಿ.

ಈಗ ನಿರ್ಧಾರ. ಉಳಿದರೆ ಏಪ್ರಿಲ್ ಇದೆ, ಬಾಗಿಲಿದೆ, ಬಾಗಿಲ ಹಿಂದೆ ಇಂಥ ಮಂದಿ ಇದ್ದಾರೆ. ಹೋದರೆ ಅಯ್ಯಾಳಪ್ಪನ ಬೋಗಿಯಲ್ಲೇ ಹೋಗಬೇಕು. ಇಳಿದಾಗ ಆ ಊರು ನಮ್ಮ ಕೈ ನೋಡುವುದಿಲ್ಲ, ಮುಖದ ಬಣ್ಣ ನೋಡುತ್ತದೆ. ಮುಂಚೆಯೇ ಡೋಲ್ಕರ್‌ಗೆ ತಿಳಿಸೋಣವೆಂದರೆ, ಅವಳು ಊರಿಗೆ ಹೇಳಿದರೆ ಊರು ಗುದ್ದಲಿ ಹಿಡಿದು ಹಳಿಯ ಮೇಲೆ ನಿಲ್ಲುತ್ತದೆ. ನನ್ನ ಕೈ ಮುರಿದವನೇ ಆಗಲಿ, ಅಯ್ಯಾಳಪ್ಪನ ಮೂಗು ಒರೆಸಿ ಬೆಳೆಸಿದವಳು ನನ್ನ ಅಕ್ಕ. ಅವನ ಜೊತೆಗಿರುವವರೆಲ್ಲ ನನ್ನ ಪದ ಕೇಳಿ ಒಳಗೋಡಿ ಬರುತ್ತಿದ್ದ ಮಕ್ಕಳು. ಅವರನ್ನು ಕಟುಕರ ಕೈಗೆ ಕೊಡಲು ನನ್ನಿಂದಾಗದು. ಹೇಳದಿದ್ದರೆ ಆ ಊರಿನ ಮಕ್ಕಳನ್ನು ಇವರ ಕೈಗೆ ಕೊಟ್ಟ ಹಾಗೆ, ಅದೂ ಗೊತ್ತು. ಎರಡು ಕಡೆಯೂ ತೂಗಿ ನೋಡಿದೆ. ತಕ್ಕಡಿಯಲ್ಲಿ ಎರಡೂ ಕಡೆ ಹೆಣಗಳೇ ಇದ್ದರೆ ಮುಳ್ಳು ಅಲುಗುವುದಿಲ್ಲ.

ಹತ್ತುತ್ತೇವೆ. ಬರಿಗೈಯಲ್ಲಿ ಹತ್ತುತ್ತೇವೆ, ಚೀಟಿ ಕೊಟ್ಟದ್ದು ಸರ್ಕಾರ, ಅಯ್ಯಾಳಪ್ಪನಲ್ಲ. ನನ್ನದಂತೂ ಬರೀ ಒಂದು ಕೈ. ಅಕ್ಕ ಆ ಮನೆಯ ಒಲೆಯ ಮುಂದೆ ಒಬ್ಬಳೇ ಕೂತು, ಒಂದು ಕಡೆ ತಾನು ಕೊಂದ ಮುದುಕನ ಮಗಳು, ಇನ್ನೊಂದು ಕಡೆ ತನ್ನ ಹೆಸರಲ್ಲಿ ಕೊಲ್ಲಲು ಬರುವ ಮೈದುನ, ನಡುವೆ ಗಂಜಿ ಕುಡಿಯುತ್ತಿರುವುದನ್ನು ನೆನೆದರೆ ಇಲ್ಲಿ ಉಸಿರಾಡಲಾರೆ. ಡೋಲ್ಕರ್‌ಗೆ ಮಾತ್ರ ನಾನು ಏನೂ ತಿಳಿಸುವುದಿಲ್ಲ. ದಾರಿ ಉದ್ದವಿದೆ. ಸುರಂಗ ತಣ್ಣಗಿರುತ್ತದಂತೆ. ಹುಡುಗರ ತಲೆಯೂ ತಣ್ಣಗಾದೀತು ಎಂದು ನಂಬಿದ್ದೇನೆ. ನಂಬಿಕೆ ಎಂದರೆ ಬೇರೆ ದಾರಿ ಕಾಣದವನ ಧೈರ್ಯ. ಅದನ್ನು ನಿಮಗೆ ಬಳುವಳಿಯಾಗಿ ಕೊಡಲಾರೆ, ಕೊಡಲು ಅಷ್ಟಿಲ್ಲ. ನೀವು ಎಲ್ಲಿದ್ದರೂ ಚೆನ್ನಾಗಿರಿ.

ನಿಮ್ಮ ಮುತ್ತಜ್ಜ,
ಆದೆಪ್ಪ

ಅಪ್ಪ ಮಲಗಿದ್ದಾನೆ. ಹೊರಗೆ ಹಗಲು. ಕೈ ನೋವಿಗೆ ಕೊಟ್ಟ ಮದ್ದಿನಿಂದ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾನೆ.

ಅವನು ಹೇಳಿದ್ದನ್ನೆಲ್ಲ ಹಾಗೇ ಬರೆದಿದ್ದೇನೆ. ಪ್ರಾಸ ಮೂರು ಕಡೆ ಕತ್ತರಿಸಿದ್ದು ನಿಜ. ಆದರೆ ಡೋಲ್ಕರ್‌ಗೆ ತಿಳಿಸುವುದಿಲ್ಲ ಎಂದು ಅವನು ಹೇಳುವ ಹೊತ್ತಿಗೆ ನಾನು ತಿಳಿಸಿಯಾಗಿತ್ತು. ಅವನ ಕೈಗೆ ಪಟ್ಟಿ ಕಟ್ಟಿದ ಮೇಲೆ ಅತ್ತೆಯ ಕಿವಿಗುಂಡಿಗೆ ಕರೆ ಮಾಡಿ, ಆ ಹೆಣ್ಣುಮಗಳ ಕಿವಿಯನ್ನು ಅತ್ತೆಯ ಕಿವಿಗೆ ಹಚ್ಚು ಎಂದೆ. ನನ್ನ ಮುರುಕು ಹಿಂದಿಯಲ್ಲಿ ಯಾರು ಬರುತ್ತಾರೆ, ಎಷ್ಟು ಮಂದಿ, ಯಾವ ಬೋಗಿ, ಏನು ಹಿಡಿದು ಬರುತ್ತಾರೆ, ಎಲ್ಲ ಹೇಳಿದೆ. ನೀರಿನ ವಿಷಯವನ್ನೂ ಹೇಳಿದೆ. ಅವಳು, ಖಾಲಿ ಕೈಯವರು ಮೊದಲು ಇಳಿಯಲಿ, ಕೈ ಮೇಲೆತ್ತಿಕೊಂಡು ಇಳಿಯಲಿ, ಉಳಿದವರ ಮಾತು ನನ್ನನ್ನು ಕೇಳಬೇಡ ಎಂದಳು.

ಆ ಉಳಿದವರಲ್ಲಿ ನಾನು ಮದುವೆಯಾಗಬಹುದಾಗಿದ್ದವನೊಬ್ಬನಿದ್ದಾನೆ. ಅವನಿಗೂ ಹೇಳಿಲ್ಲ.

ಅಪ್ಪನ ಒಂದು ಕೈಯನ್ನು ನಾನೇ ಎತ್ತಿ ಹಿಡಿಯುತ್ತೇನೆ. ಮುಂದೆ ಏನಾಯಿತೆಂದು ನಿಮಗೆ ಗೊತ್ತು, ನನಗೆ ಗೊತ್ತಿಲ್ಲ. ಆ ನಿಲ್ದಾಣದಲ್ಲಿ ಸತ್ತವರ ಮನೆಯವರು ಇನ್ನೂ ಅದೇ ಊರಲ್ಲಿದ್ದು ನಿಮ್ಮನ್ನು ಬೈದರೆ, ಮುತ್ತಜ್ಜನ ಹೆಸರು ಹೇಳಬೇಡಿ. ಅವನು ಹಿಡಿದುಕೊಡಲಿಲ್ಲ. ಹಿಡಿದುಕೊಟ್ಟವಳು ನಿಮ್ಮ ಅಜ್ಜಿ, ಕಸ್ತೂರಿ. ಬೈಯುವುದಾದರೆ ನನ್ನ ಹೆಸರು ಹಿಡಿದೇ ಬೈಯಲಿ.