ಕುಂಕುಮ ಹಚ್ಚಿದ ಗುಂಡು

ಅಪ್ಪಾ,

ನೀವು ಹೋದ ಮೇಲೆ ನಿಮ್ಮ ಬೇಟೆ ಬಂದೂಕಿನ ಲೈಸೆನ್ಸು ನನ್ನ ಹೆಸರಿಗಾಯಿತು. ನೀವು ಹೇಳಿಕೊಟ್ಟಂತೆ ದಿನಾ ಬೆಳಿಗ್ಗೆ ಗುಂಡಿಲ್ಲದೆ ಗುರಿ ಹಿಡಿದು ಟ್ರಿಗರ್ ಒತ್ತುವ ಅಭ್ಯಾಸ ಮಾಡುತ್ತೇನೆ.

ಇವತ್ತು ಆಯುಧಪೂಜೆಯ ಮರುದಿನ. ದೇವರ ಮುಂದಿದ್ದ ಬಂದೂಕು ಎತ್ತಿಕೊಂಡು ಗೋಡೆಯ ಕಪ್ಪು ಚುಕ್ಕೆಗೆ ಗುರಿಯಿಟ್ಟೆ. ಗೋಡೆಯಾಚೆ ಅಮ್ಮ ಕಾಯಿ ತುರಿಯುತ್ತಿದ್ದಳು. ಖಾಲಿ ಮಾಡಿ ಪೂಜೆಗಿಟ್ಟವಳು ನಾನೇ, ಮತ್ತೇಕೆ ತೆರೆದು ನೋಡಲಿ? ಬೆರಳು ಟ್ರಿಗರ್ ಮೇಲಿತ್ತು. ಅಷ್ಟರಲ್ಲಿ ಜಕ್ಕೂರಿನ ತರಬೇತಿ ವಿಮಾನವೊಂದು ಮನೆ ಮೇಲೆಯೇ ಹಾದುಹೋಯಿತು. ಸದ್ದು ಅಡಗಲೆಂದು ಕಾದೆ. ಕೈ ಸುಮ್ಮನಿರದೆ, ನಿಮ್ಮದೇ ಚಾಳಿಯಂತೆ, ಗುಂಡಿನ ಮನೆ ತೆರೆಯುವ ಬೋಲ್ಟನ್ನು ಹಿಂದಕ್ಕೆಳೆಯಿತು.

ಕುಂಕುಮ ಹಚ್ಚಿದ ಗುಂಡೊಂದು ಕಾಲ ಬಳಿ ಬಿತ್ತು.

"ಬರಿದಾಗಿಟ್ಟು ಪೂಜೆ ಮಾಡ್ಬಾರ್ದು ಅಂತ ನಾನೇ ಹಾಕ್ದೆ ಕಣೇ ಇಂದೂ," ಎಂದಳು ಸದ್ದು ಕೇಳಿ ಒಳಬಂದ ಅಮ್ಮ.

ಹೋದ ವರ್ಷ ನೀವು ಬಂದೂಕನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದಾಗ, ಮರೆವು ಜಾಸ್ತಿಯಾಯಿತೆಂದು ಕೈ ಚಾಚಿ ಅದನ್ನಿಡುವ ಬೀರುವಿನ ಕೀ ಕೇಳಿದವಳು ನಾನು. ನೀವು ಜೇಬಿನಿಂದ ತೆಗೆದು ಕೊಟ್ಟಿರಿ.

ಇವತ್ತು ನಾನು ಬೋಲ್ಟ್ ಏಳು ಸಲ ತೆರೆದು ನೋಡಿದೆ. ಎಂಟನೆಯ ಸಲಕ್ಕೆ ಅಮ್ಮ ನನ್ನ ಮುಂದೆ ಕೈ ಚಾಚಿದಳು.

"ಸಾಕು, ಕೀ ಇಲ್ಲಿ ಕೊಡು."