ನಿನ್ನ ಮಾತು ನಿಂತ ಹೊತ್ತು

ಪ್ರೀತಿಯ ರಹೀಮಣ್ಣ,

ಮೊದಲ ಸಲ ನಿನ್ನ ಪಕ್ಕದ ಸೀಟಿನಲ್ಲಿ ಕೂತಾಗ ನಾನು ಹೆದರಿ ತುಟಿ ಬಿಚ್ಚಿರಲಿಲ್ಲ. ನೀನು ಕ್ಯಾಪ್ಟನ್, ನಾನು ಹೊಸ ಕೋ-ಪೈಲಟ್. "ಯಾವೂರ್ಲಾ?" ಅಂದೆ ನೀನು. ಕೊಳಾಲ ಅಂದೆ ನಾನು. "ಅಂಗಾದ್ರೆ ನಮ್ಮೋನೇ ಬುಡು. ನಂದು ಸಿರಾ ಕಣ್ಲಾ," ಅಂದವನು ಇಳಿಯುವವರೆಗೂ ಬಾಯಿ ಮುಚ್ಚಲಿಲ್ಲ. ಸರಕು ತುಂಬಿದ ಡಕೋಟಾ ವಿಮಾನ ಎಷ್ಟು ಗದ್ದಲ ಮಾಡಿದರೂ ನಿನ್ನ ಮಾತಿನ ಮುಂದೆ ಸೋಲುತ್ತಿತ್ತು.

ಆ ಮಳೆಗಾಲ ನೆನಪಿದೆಯಾ? ದಿನಾ ನೀನು ಸಲಾಂ ಹೊಡೆಯುತ್ತಿದ್ದ ಮಧುಗಿರಿ ಬೆಟ್ಟ ಮೋಡದಲ್ಲಿ ಮುಚ್ಚಿಹೋಗಿತ್ತು. ಇಳಿಯತೊಡಗಿದ್ದೆವು. ನಿನ್ನ ಮಾತು ನಿಂತಿತು. ಅನುಮಾನ ಬಂದಾಗ ಮಾತ್ರ ನೀನು ಸುಮ್ಮನಾಗುವವನು ಎಂದು ಅಷ್ಟು ಹೊತ್ತಿಗೆ ನನಗೆ ತಿಳಿದಿತ್ತು. "ಯಾಕಣ್ಣ ಸುಮ್ಕಾದೆ? ಮೇಲಕ್ಕೆತ್ತು," ಅಂದೆ ನಾನು. ನೀನು ಎತ್ತಿದೆ. ಇಳಿದ ಮೇಲೆ, "ನಾಯಿಗೆ ಸಲಿಗೆ ಕೊಟ್ರೆ ಮೂತಿ ನೆಕ್ತಂತೆ," ಅಂತ ನನ್ನ ಬೆನ್ನಿಗೆ ಗುದ್ದಿ ಚಹಾ ಕುಡಿಸಿದೆ.

ಆಮೇಲೆ ಆಫೀಸಿನವರು ಜೋಡಿ ಬದಲಿಸಿದರು. ನನಗೆ ಬೇರೆ ವಿಮಾನ, ನಿನ್ನ ಪಕ್ಕಕ್ಕೆ ಬೆಂಗಳೂರಿನ ಗೋಪಾಲ. ನಿಮ್ಮಿಬ್ಬರಿಗೆ ಅದೇ ಮೊದಲ ದಿನ, ಅವತ್ತೇ ಮೋಡ, ಅವತ್ತೇ ವಿಮಾನ ಗುಡ್ಡಕ್ಕೆ ಬಡಿದು ನೀನು... ಕಾಲು ಮುರಿದುಕೊಂಡು ಉಳಿದ ಗೋಪಾಲನನ್ನು ಬೈಯಲೆಂದೇ ಆಸ್ಪತ್ರೆಗೆ ಹೋದೆ. "ಮಾತಾಡ್ತಾನೇ ಇದ್ದೋರು ಸುಮ್ಮನಾದ್ರು. ನಂಗೂ ಅನುಮಾನ ಬಂದಿತ್ತು. ಅಷ್ಟು ದೊಡ್ಡ ಕ್ಯಾಪ್ಟನ್‌ನ ಹೇಗೆ ಕೇಳೋದು?" ಅಂದು ಅತ್ತ. ಬೈಯಲಾಗಲಿಲ್ಲ. ಒಂದು ದಿನದ ಪರಿಚಯಕ್ಕೆ ನಿನ್ನ ಮೌನ ಎಲ್ಲಿ ಅರ್ಥವಾಗಬೇಕು?

ಸಿರಾಕ್ಕೆ ಹೋದಾಗ ನಿನ್ನ ಅಮ್ಮಿ ನನ್ನ ಕೈ ಹಿಡಿದು, "ನೀನು ಪಕ್ಕದಾಗಿದ್ದಿದ್ರೆ ಕೇಳ್ತಿದ್ದೆ ಅಲ್ವಾ ಬೇಟಾ?" ಅಂದರು. ಹೌದೆಂದು ತಲೆಯಾಡಿಸಿದೆ. ಆಮೇಲೆ ಹೊಸಬರ ಪಕ್ಕ ಕೂರಲು ಭಯವಾಗುತ್ತಿತ್ತು. ಕೆಲಸ ಬಿಟ್ಟು ಊರಿಗೆ ಹೋಗಿಬಿಡೋಣ ಅಂತ...

ಹೋಗಲಿಲ್ಲ ಅಣ್ಣ. ಈಗ ನಾನೂ ಕ್ಯಾಪ್ಟನ್. ಗೋಪಾಲನ ಕಾಲು ಕೂಡಿಕೊಂಡಿದೆ; ಅವನೇ ಬೇಕೆಂದು ಕೇಳಿ ಪಕ್ಕಕ್ಕೆ ಹಾಕಿಸಿಕೊಂಡೆ. ಎಲ್ಲರೂ ಹುಚ್ಚು ಅಂದರು. ಮೊದಲ ದಿನ ಚಹಾ ಕುಡಿಸಿ, "ನಾನೂ ರಹೀಮಣ್ಣನಂಗೇ. ಸುಮ್ಕಾದ್ರೆ ಕೇಳ್ಬೇಕು ನೀನು," ಅಂದೆ.

ನಿನ್ನೆ ಇಳಿಯುವಾಗ ಮೋಡ ಕವಿಯಿತು. ನನ್ನ ಮಾತು ನಿಂತಿತು. ಗೋಪಾಲ ನನ್ನ ಕಡೆ ತಿರುಗಿ ಕೇಳಿದ: "ಯಾಕಣ್ಣ ಸುಮ್ಮನಾದ್ರಿ?" ಮೇಲಕ್ಕೆತ್ತಿದೆ. ಮೋಡ ಸರಿದಾಗ ಕೆಳಗೆ ಗುಡ್ಡವಿತ್ತು. ಇಬ್ಬರೂ ಅತ್ತೆವು.

ನಾಳೆ ಅವನನ್ನು ಸಿರಾಕ್ಕೆ ಕರೆದೊಯ್ಯುತ್ತಿದ್ದೇನೆ. ಅಮ್ಮಿ ಅವನಿಗೂ ಊಟ ಬಡಿಸುತ್ತಾರಾ, ಅಣ್ಣ?

ನಿನ್ನ ಕೊಳಾಲದ ರಂಗ